ಬ್ರೇಕ್ ಬೂಸ್ಟರ್ ಚೆಕ್ ವಾಲ್ವ್: ಗುಜರಿದು, ಲೋಕಲ್‌ದು, ಕಂಪನಿದು ಮೂರೂ ಹಾಕಿ ನೋಡ್ದೆ

ನಮ್ಮನೇಲಿ ಇನ್ನೂ 1997ರ ಝೆನ್ ಇದೆ, ಕಾರ್ಬುರೇಟರ್ ಗಾಡಿ, 993 ಸಿಸಿ, ಅಪ್ಪ ಆಸೆಪಟ್ಟು ತಗೊಂಡಿದ್ದು, ಮಾರೋಕೆ ಯಾರಿಗೂ ಮನಸ್ಸಿಲ್ಲ. ಹೋದ ವರ್ಷ ಸುಬ್ರಹ್ಮಣ್ಯಕ್ಕೆ ಹೋಗಿ ಬೆಂಗಳೂರಿಗೆ ವಾಪಸ್ ಬರ್ತಾ ಶಿರಾಡಿ ಘಾಟಿ ಹತ್ತುವಾಗ, ಮುಂದಿನ ಲಾರಿ ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಪೂರ್ತಿ ತುಳಿದೆ, ಎದುರಿಗೆ ಬಸ್ಸು ಕಾಣಿಸ್ತು, ಬ್ರೇಕ್ ಮೇಲೆ ಕಾಲಿಟ್ರೆ ಪೆಡಲ್ ಕಲ್ಲಿನ ತರ. ಜೀವ ಹೋಗೋ ಹಾಗೆ ಒತ್ತಿ ಹೇಗೋ ಲಾರಿ ಹಿಂದೆ ಬಂದು ಸೇರ್ಕೊಂಡೆ, ಹಿಂದೆ ಸೀಟಲ್ಲಿ ಅಮ್ಮ ಇದ್ರು.

ಇದರಲ್ಲಿ ನಂಗೆ ಅರ್ಥ ಆಗದೇ ಇದ್ದಿದ್ದು ಏನಂದ್ರೆ, ಹೋಗುವಾಗ ಇದೇ ಘಾಟಿ ಇಳಿದಿದ್ವಿ, ಆಗ ಬ್ರೇಕ್ ಬೆಣ್ಣೆ ತರ ಇತ್ತು. ಇಳಿಯುವಾಗ ಸರಿ ಇದ್ದು ಹತ್ತುವಾಗ ಕೈ ಕೊಡೋದು ಯಾಕೆ? ಆಮೇಲೆ ಗೊತ್ತಾಯ್ತು, ಗುಟ್ಟು ಇರೋದೇ ಅಲ್ಲಿ. ನಾವು ಪೆಡಲ್ ಒತ್ತೋ ಬಲವನ್ನ ಹೆಚ್ಚಿಸೋದು ಬೂಸ್ಟರ್, ಅದಕ್ಕೆ ಬೇಕಾದ ವ್ಯಾಕ್ಯೂಮ್, ಅಂದ್ರೆ ಗಾಳಿಯ ಎಳೆತ, ಇಂಜಿನ್ ಮ್ಯಾನಿಫೋಲ್ಡಿಂದ (ಇಂಜಿನ್ ಒಳಗೆ ಗಾಳಿ ಹೋಗೋ ಕೊಳವೆ) ಬರುತ್ತೆ. ಗೇರಲ್ಲಿದ್ದು ಆಕ್ಸಿಲರೇಟರಿಂದ ಕಾಲು ತೆಗೆದಿದ್ರೆ, ಅಂದ್ರೆ ಘಾಟಿ ಇಳಿಯುವಾಗ, ಇಂಜಿನ್ ಬೂಸ್ಟರ್ ಒಳಗಿನ ಗಾಳಿನ ಜೋರಾಗಿ ಎಳೀತಿರುತ್ತೆ. ಪೂರ್ತಿ ತುಳಿದ್ರೆ ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಹೆಚ್ಚುಕಮ್ಮಿ ಸೊನ್ನೆ. ಆ ಹೊತ್ತಲ್ಲಿ ಬೂಸ್ಟರ್ ಒಳಗೆ ಮೊದಲೇ ಕೂಡಿಟ್ಟಿದ್ದು ವಾಪಸ್ ಹೋಗದೇ ಇರೋ ಹಾಗೆ ತಡೆಯೋದೇ ಈ ಚೆಕ್ ವಾಲ್ವ್. ತೋಟದ ಬಾವಿಗೆ ಇಳಿಬಿಡೋ ಫುಟ್ ವಾಲ್ವ್ ನೋಡಿದೀರಲ್ಲ, ಮೋಟರ್ ನಿಂತ ಮೇಲೂ ಪೈಪಲ್ಲಿ ನೀರು ಹಿಡ್ಕೊಂಡಿರುತ್ತೆ, ಹಾಗೇ ಇದು. ನಂದು ಒಳಗಿನ ರಬ್ಬರ್ ಗಟ್ಟಿಯಾಗಿ ಎರಡೂ ಕಡೆ ಗಾಳಿ ಬಿಡ್ತಾ ಇತ್ತು. ಉಲ್ಟಾ, ಮುಚ್ಚಿದ ಹಾಗೇ ಸಿಕ್ಕಾಕೊಂಡ್ರೆ ಯಾವಾಗ್ಲೂ ಪೆಡಲ್ ಗಟ್ಟಿ ಇರುತ್ತೆ, ಆಗ ಬೇಗ ಗೊತ್ತಾಗುತ್ತೆ. ನಂದು ಸಿಟಿಯಲ್ಲಿ ಗೊತ್ತೇ ಆಗ್ಲಿಲ್ಲ.

ಗ್ಯಾರೇಜಲ್ಲಿ ಬೂಸ್ಟರೇ ಹೋಗಿದೆ, ಮಾಸ್ಟರ್ ಸಿಲಿಂಡರ್ ಸಮೇತ ಬದಲಾಯಿಸ್ಬೇಕು ಸಾರ್ ಅಂದ್ರು, ಸಾವಿರಗಟ್ಟಲೆ ಖರ್ಚು. ನಂಗೆ ಒಪ್ಪಿಗೆ ಆಗ್ಲಿಲ್ಲ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿದ್ರೆ ಪೆಡಲ್ ಸ್ವಲ್ಪ ಕೆಳಗಿಳಿಬೇಕು, ಇಳೀತು, ಅಂದ್ರೆ ಬೂಸ್ಟರ್ ಕೆಲಸ ಮಾಡ್ತಿದೆ. ಆಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಒತ್ತಿದೆ, ಮೊದಲನೇ ಸಲಕ್ಕೇ ಗಟ್ಟಿ. ಅಂದ್ರೆ ಕೂಡಿಟ್ಟಿದ್ದು ಎಲ್ಲೋ ಸೋರ್ತಿದೆ. ವಾಲ್ವ್ ಬಿಚ್ಚಿ ಊದಿದೆ, ಎರಡೂ ಕಡೆಯಿಂದ ಸಲೀಸಾಗಿ ಗಾಳಿ ಹೋಯ್ತು.

ಮೂರು ತಂದೆ. ಒಂದು ಶಿವಾಜಿನಗರದ ಗುಜರಿಯಿಂದ, 80 ರೂಪಾಯಿ. ಇನ್ನೊಂದು ಜೆಸಿ ರೋಡಲ್ಲಿ ಹೆಸರಿಲ್ಲದ ಪ್ಲಾಸ್ಟಿಕ್‌ದು, 150. ಮೂರನೇದು ಕಂಪನಿ ಪಾರ್ಟ್, ಹೋಸ್ ಜೊತೆ ಸೇರಿ 500 ಮೇಲಾಯ್ತು, ಆರ್ಡರ್ ಕೊಟ್ಟು ಎರಡು ವಾರ ಕಾಯ್ದೆ. ಕೈಯಲ್ಲಿ ಒತ್ತೋ ವ್ಯಾಕ್ಯೂಮ್ ಪಂಪ್ ಒಂದು ಫ್ರೆಂಡ್ ಹತ್ರ ಇತ್ತು, ಅದನ್ನ ಬೂಸ್ಟರ್ ಕಡೆ ಬಾಯಿಗೆ ಹಾಕಿ ಎಳೆದು ಮುಳ್ಳು ಎಷ್ಟು ಹೊತ್ತು ನಿಲ್ಲುತ್ತೆ ನೋಡ್ದೆ.

ಗುಜರಿದು ನಂಗೆ ಪಾಠ ಕಲಿಸ್ತು. ಅಂಗಡಿಯಲ್ಲಿ ಊದಿ ನೋಡಿದ್ರೆ ಪರ್ಫೆಕ್ಟ್, ಮನೇಲಿ ತಣ್ಣಗಿದ್ದಾಗ ಪಂಪ್ ಹಾಕಿದ್ರೂ 20 ಇಂಚಲ್ಲಿ (ವ್ಯಾಕ್ಯೂಮ್ ಅಳೆಯೋದು ಪಾದರಸದ ಇಂಚಲ್ಲಿ) ಮುಳ್ಳು ಅಲ್ಲಾಡ್ಲಿಲ್ಲ. ಗಾಡಿಗೆ ಹಾಕಿ ಅರ್ಧ ಗಂಟೆ ಓಡ್ಸಿ, ಬಿಸಿ ಬಿಸಿ ಇರುವಾಗ್ಲೇ ಬಿಚ್ಚಿ ನೋಡಿದ್ರೆ ಒಂದು ನಿಮಿಷದಲ್ಲಿ 12ಕ್ಕೆ ಬಂತು. ಬಾನೆಟ್ ಒಳಗಿನ ಬಿಸಿಗೆ ಹಳೇ ರಬ್ಬರ್ ಸರಿಯಾಗಿ ಕೂರ್ತಿಲ್ಲ ಅಷ್ಟೆ. ಅಂಗಡಿ ಮುಂದೆ ನಿಂತು ಬಾಯಲ್ಲಿ ಊದಿ ಓಕೆ ಅನ್ನೋದು ಟೆಸ್ಟೇ ಅಲ್ಲ, ಬಿಸಿಯಲ್ಲಿ ನೋಡ್ಬೇಕು, ರಾತ್ರಿ ನಿಲ್ಸಿ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಪೆಡಲ್ ಒತ್ತಿ ನೋಡ್ಬೇಕು.

ಲೋಕಲ್‌ದು ಸೋರಿಕೆ ವಿಷಯದಲ್ಲಿ ಪರವಾಗಿಲ್ಲ, ಬಿಸಿಯಲ್ಲೂ ನಿಮಿಷಕ್ಕೆ ಎರಡು ಇಂಚು ಬಿಟ್ಟಿತು ಅಷ್ಟೆ. ತೊಂದರೆ ಬೇರೆ ಕಡೆ. ಅದರ ತೂತು ಹಳೇದಕ್ಕಿಂತ ಸಣ್ಣ, ಹಾಗಾಗಿ ಬೂಸ್ಟರ್ ಮತ್ತೆ ತುಂಬೋದು ನಿಧಾನ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಮೂರ್ನಾಲ್ಕು ಸಲ ಬೆನ್ನುಬೆನ್ನಿಗೆ ಒತ್ತಿದ್ರೆ ಕೊನೇದು ಗಟ್ಟಿ ಅನ್ಸುತ್ತೆ. ಬೆಂಗಳೂರು ಇರೋದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಇಲ್ಲಿ ವ್ಯಾಕ್ಯೂಮೇ ಸುಮಾರು ಮೂರು ಇಂಚು ಕಮ್ಮಿ ಸಿಗುತ್ತೆ, ಮಂಗಳೂರಲ್ಲಿ ಐಡಲ್‌ಗೆ (ಆಕ್ಸಿಲರೇಟರ್ ಒತ್ತದೇ ಇಂಜಿನ್ ಓಡ್ತಿರುವಾಗ) 19 ತೋರಿಸೋ ಇಂಜಿನ್ ಇಲ್ಲಿ 16 ತೋರಿಸುತ್ತೆ. ಮೊದಲೇ ಕಮ್ಮಿ ಇರೋ ಕಡೆ ತೂತೂ ಸಣ್ಣದಾದ್ರೆ ಕಷ್ಟ.

ಕಂಪನಿದು ಹಾಕಿದ ಮೇಲೆ ಹೇಳೋಕೆ ಜಾಸ್ತಿ ಇಲ್ಲ. ಬಿಸಿಯಲ್ಲೂ ಮುಳ್ಳು ನಿಂತಲ್ಲೇ ನಿಂತಿತ್ತು, ಬೆಳಿಗ್ಗೆ ಎದ್ದು ಒತ್ತಿದ್ರೆ ಮೊದಲ ಎರಡು ಸಲ ಮೆತ್ತಗೆ. ಐಡಲ್ ಕೂಡ ಸರಿಹೋಯ್ತು, ಹಳೇ ಹೋಸ್ ತುದಿಯಲ್ಲಿ ಬಿರುಕಿತ್ತು, ಬಹುಶಃ ಅದಕ್ಕೇ.

ಒಬ್ರು ಅಕ್ವೇರಿಯಂ ಪಂಪಿನ ಒನ್ ವೇ ವಾಲ್ವ್ ಹಾಕಿ, ಹತ್ತಿಪ್ಪತ್ತು ರೂಪಾಯಿ ಅಂದ್ರು. ದಯವಿಟ್ಟು ಬ್ರೇಕಿಗೆ ಅದನ್ನ ಹಾಕ್ಬೇಡಿ, ಅದು ಇಂಜಿನ್ ಬಿಸಿಗೂ ಪೆಟ್ರೋಲ್ ಆವಿಗೂ ಮಾಡಿದ್ದಲ್ಲ. ಹಾಗೇ ಹೋಸ್ ಬದಲು ಮಾಮೂಲಿ ನೀರಿನ ಪೈಪ್ ಹಾಕಿದ್ರೆ ಎಳೆತಕ್ಕೆ ಚಪ್ಪಟೆ ಆಗಿ ಮುಚ್ಕೊಳ್ಳುತ್ತೆ, ಒಳಗೆ ನೂಲು ಇರೋ ವ್ಯಾಕ್ಯೂಮ್ ಹೋಸೇ ಬೇಕು.

ಹಾಕುವಾಗ ವಾಲ್ವ್ ಮೇಲಿನ ಬಾಣ ಇಂಜಿನ್ ಕಡೆ ಇರ್ಬೇಕು, ಉಲ್ಟಾ ಹಾಕಿದ್ರೆ ಬ್ರೇಕಿಗೆ ಬೂಸ್ಟರ್ ಸಹಾಯನೇ ಇರಲ್ಲ. ನನ್ನ ಗಾಡಿಯಲ್ಲಿ ಹೋಸ್ ಮಧ್ಯ ಇತ್ತು, ಬೇರೆ ಎಷ್ಟೋ ಕಾರಲ್ಲಿ ಬೂಸ್ಟರ್‌ಗೇ ರಬ್ಬರ್ ಬುಷ್ ಹಾಕಿ ಚುಚ್ಚಿರ್ತಾರೆ, ಅಂಥದ್ರಲ್ಲಿ ಆ ಬುಷ್ಷೂ ಹೊಸದು ಹಾಕಿ, ಅರ್ಧ ಸೋರಿಕೆ ಅಲ್ಲೇ ಇರುತ್ತೆ. ಹಳೇ ಡೀಸೆಲ್ ಗಾಡಿಯವ್ರು ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪಿಂದ ಆಯಿಲ್ ಹೋಸಿಗೆ ಬಂದಿದ್ಯಾ ಅಂತ ಮೊದಲು ನೋಡ್ಕೊಳ್ಳಿ, ಬಂದಿದ್ರೆ ಹೊಸ ವಾಲ್ವಿನ ರಬ್ಬರ್ರೂ ಹಾಳಾಗುತ್ತೆ. ಇನ್ನು ಪೆಟ್ರೋಲ್ ಉಳಿಸೋಕೆ ಘಾಟಿಯಲ್ಲಿ ಇಂಜಿನ್ ಆಫ್ ಮಾಡಿ ಇಳಿಯೋರು ಈಗ್ಲೂ ಇದಾರೆ. ವಾಲ್ವ್ ಎಷ್ಟೇ ಚೆನ್ನಾಗಿದ್ರೂ ಕೂಡಿಟ್ಟಿರೋದು ಎರಡು ಮೂರು ಸಲ ಒತ್ತೋಕೆ ಮಾತ್ರ, ನಾಲ್ಕನೇ ತಿರುವಿಗೆ ಏನೂ ಉಳಿದಿರಲ್ಲ.