ಮೈಸೂರಿನ ಎಂಟು ಶನಿವಾರಗಳ ‘ದೇವರ ರಾಜ್ಯ’ ತರಗತಿ: ಯಾವ ವಾರ ತಪ್ಪಿಸಬಾರದು, ಎಲ್ಲಿ ಕೈಕೊಡುತ್ತದೆ

ಎಂಟು ಶನಿವಾರ, ಸಂಜೆ ಆರರಿಂದ ಎಂಟು ಗಂಟೆ. ಶುಲ್ಕ 400 ರೂಪಾಯಿ. 72 ಪುಟದ ಕೈಪಿಡಿ, ಟೀ, ಬಿಸ್ಕತ್ತು ಎಲ್ಲ ಅದರಲ್ಲೇ. ಮೈಸೂರಿನ ಹಳೇ ಬಡಾವಣೆಯ ಒಂದು ಚರ್ಚಿನ ಹಿಂದಿರುವ ಹಾಲ್‌ನಲ್ಲಿ ನಡೆಯುವ ಈ ತರಗತಿಗೆ ವಿಷಯ ಒಂದೇ: ಯೇಸು ಸಾರಿದ ದೇವರ ರಾಜ್ಯ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಕ್ಯಾಥೋಲಿಕರು, ಪೆಂತೆಕೋಸ್ತಿನವರು, ಮಂಡ್ಯ ಮತ್ತು ಶ್ರೀರಂಗಪಟ್ಟಣದಿಂದ ರೈಲು ಹಿಡಿದು ಬರುವ ಸಂಡೇ ಸ್ಕೂಲ್ ಟೀಚರ್‌ಗಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ತೀರ್ಪು ಮೊದಲೇ ಹೇಳಿಬಿಡೋಣ. ಸಾಮ್ಯಗಳ, ಅಂದರೆ ಯೇಸು ಹೇಳಿದ ಹೋಲಿಕೆ ಕಥೆಗಳ ಮೂರು ವಾರ, ಸಾಲ-ಕೂಲಿಯ ಐದನೇ ವಾರ, ಇಷ್ಟಕ್ಕೇ ಕೊಟ್ಟ ದುಡ್ಡು ಬಂದ ಹಾಗೆ. ಆರನೇ ವಾರ ಗೋಜಲು. ಏಳನೆಯದಕ್ಕೆ ಕೈಪಿಡಿಯೇ ಅಡ್ಡಿ.

ಮೊದಲ ವಾರ ಒಂದು ತಪ್ಪನ್ನು ಬುಡಸಮೇತ ಕೀಳುತ್ತದೆ. ದೇವರ ರಾಜ್ಯ ಅಂದರೆ ಸತ್ತ ಮೇಲೆ ಹೋಗುವ ಪರಲೋಕ ಎಂದು ಹತ್ತರಲ್ಲಿ ಎಂಟು ಜನ ನಂಬಿಕೊಂಡು ಬಂದಿರುತ್ತಾರೆ. ಅದಕ್ಕೆ ಮತ್ತಾಯನ ಸುವಾರ್ತೆಯಲ್ಲಿ (ಯೇಸುವಿನ ಬದುಕು-ಬೋಧನೆ ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಲ್ಲಿ ಒಂದು) ಬರುವ ‘ಪರಲೋಕ ರಾಜ್ಯ’ವೇ ಅವರಿಗೆ ಆಧಾರ. ಬೋಧಕರು ವಾದಕ್ಕೆ ಇಳಿಯದೆ ಮತ್ತಾಯ 19ರ 23 ಮತ್ತು 24ನೇ ವಚನಗಳನ್ನು ಒಟ್ಟಿಗೆ ಓದಿಸುತ್ತಾರೆ. ಐಶ್ವರ್ಯವಂತ ಪರಲೋಕ ರಾಜ್ಯ ಸೇರುವುದು ಕಷ್ಟ ಎಂದ ಯೇಸುವೇ ಮರುಮಾತಿಗೆ ದೇವರ ರಾಜ್ಯ ಎನ್ನುತ್ತಾನೆ, ಎರಡೂ ಒಂದೇ. ಆಮೇಲೆ ಯೇಸುವಿಗಿಂತ ಹಿಂದಿನ ಹಳೆ ಒಡಂಬಡಿಕೆಯಿಂದ ಕೀರ್ತನೆ 93, 97, 99, ಯೆಶಾಯ 52:7, ದಾನಿಯೇಲ 2 ಮತ್ತು 7. ಈ ಕ್ರಮ ಸರಿಯಾಗಿದೆ. ದೇವರ ರಾಜ್ಯ ಅಂದರೆ ಏನು ಎಂದು ಯೇಸು ಎಲ್ಲೂ ನಿಂತು ವಿವರಿಸಲಿಲ್ಲ. ದೇವರೇ ಅರಸನಾಗಿ ಆಳುತ್ತಾನೆ, ಆಳುವ ದಿನ ಬರುತ್ತದೆ ಎಂಬ ಮಾತು ಕೇಳುವವರ ಕಿವಿಯಲ್ಲಿ ಆಗಲೇ ಇತ್ತು. ಅದನ್ನು ಬಿಟ್ಟು ‘ದೇವರ ರಾಜ್ಯ ಹತ್ತಿರ ಬಂತು’ ಎನ್ನುವ ಮಾರ್ಕ 1:15ಕ್ಕೆ ನೇರ ಹೋದರೆ ಅರ್ಧ ಸುವಾರ್ತೆ ತಲೆಯ ಮೇಲಿಂದ ಹಾದುಹೋಗುತ್ತದೆ.

ಒಂದು ತಾಪತ್ರಯ ಇಲ್ಲಿಂದಲೇ ಶುರು. ಒಬ್ಬರ ಕೈಯಲ್ಲಿ ಹಳೇ ಸತ್ಯವೇದ, ಪಕ್ಕದವರ ಕೈಯಲ್ಲಿ ಕ್ಯಾಥೋಲಿಕ್ ಬೈಬಲ್, ಹಿಂದಿನ ಬೆಂಚಿನಲ್ಲಿ ಮೊಬೈಲ್ ಆ್ಯಪ್. ಸರದಿಯಂತೆ ಗಟ್ಟಿಯಾಗಿ ಓದುವಾಗ ಮೂರನೆಯವರಿಗೆ ಬರುವ ಹೊತ್ತಿಗೆ ಯಾರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಮೂರನೇ ವಾರದಿಂದ ಪಾಠದ ಭಾಗವನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಹಂಚುತ್ತಾರೆ, ಗಲಾಟೆ ನಿಲ್ಲುತ್ತದೆ. ಮೊದಲ ವಾರವೇ ಹಂಚಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಎರಡರಿಂದ ನಾಲ್ಕನೇ ವಾರ ಸಾಮ್ಯಗಳು. ಇಡೀ ತರಗತಿಯ ಜೀವ ಇಲ್ಲಿದೆ. ಬಿತ್ತುವವನ ಸಾಮ್ಯವನ್ನು ಬೇಗ ಮುಗಿಸಿ, ಮಾರ್ಕ 4:26-29ಕ್ಕೆ ಪೂರ್ತಿ ನಲವತ್ತು ನಿಮಿಷ ಕೊಡುತ್ತಾರೆ. ಬೀಜ ಹಾಕಿದವನು ಮಲಗುತ್ತಾನೆ, ಏಳುತ್ತಾನೆ. ಅದು ಹೇಗೆ ಬೆಳೆಯಿತೋ ಅವನಿಗೇ ಗೊತ್ತಿಲ್ಲ. ಈ ಸಾಮ್ಯ ಮಾರ್ಕನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ, ಪ್ರಸಂಗಗಳಲ್ಲೂ ಅಪರೂಪ. ‘ರಾಜ್ಯ ಕಟ್ಟೋಣ’ ಎಂದು ಬ್ಯಾನರ್ ಹಾಕುವ ಸಭೆಗಳು ಇದನ್ನು ಮೊದಲು ಓದಬೇಕು. ಸುವಾರ್ತೆಗಳಲ್ಲಿ ಜನ ರಾಜ್ಯವನ್ನು ಸ್ವೀಕರಿಸುತ್ತಾರೆ, ಹುಡುಕುತ್ತಾರೆ, ಪ್ರವೇಶಿಸುತ್ತಾರೆ. ಕಟ್ಟುವ ಮಾತು ಯೇಸುವಿನ ಬಾಯಲ್ಲಿ ಬರುವುದಿಲ್ಲ.

ಸಾಸಿವೆ ಕಾಳಿನ ಪಾಠವೂ ಚೆನ್ನಾಗಿದೆ. ಸಣ್ಣ ಕಾಳು ಬೆಳೆದು ಹಕ್ಕಿಗಳಿಗೆ ಆಸರೆಯಾಗುವ ಈ ಸಾಮ್ಯವನ್ನು ‘ಸಣ್ಣದು ದೊಡ್ಡದಾಯಿತು’ ಎಂದು ಮುಗಿಸದೆ ಯೆಹೆಜ್ಕೇಲ 17:22-24ನ್ನು ಪಕ್ಕಕ್ಕಿಟ್ಟು ಓದಿಸುತ್ತಾರೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಬೆಟ್ಟದ ಮೇಲಿನ ದೇವದಾರು ಮರದಲ್ಲಿ. ಕೇಳುಗರು ಕಾಯುತ್ತಿದ್ದದ್ದು ಅಂಥ ಮರಕ್ಕೆ. ಯೇಸು ಕೊಟ್ಟದ್ದು ಆಳೆತ್ತರ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ ಹೋಗುವ ತೋಟದ ಗಿಡ. ಸಾಮ್ಯದಲ್ಲಿರುವ ತುಂಟತನ ಆಗ ಕಾಣುತ್ತದೆ.

ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿನಲ್ಲಿ ಹುಳಿ ಹಿಟ್ಟನ್ನು ಅಡಗಿಸಿಟ್ಟ ಸಾಮ್ಯದ ಪಾಠದಲ್ಲಿ ಪ್ರಾತ್ಯಕ್ಷಿಕೆ ಉಂಟು, ಅದೇ ಸೋಲುತ್ತದೆ. ಕೈಪಿಡಿ ‘ಒಂದು ಚಮಚ ಯೀಸ್ಟ್’ ಎನ್ನುತ್ತದೆ, ತಪ್ಪು. ಆ ಕಾಲದಲ್ಲಿ ಬಳಸುತ್ತಿದ್ದದ್ದು ಹಿಂದಿನ ಸಲದ ಹಿಟ್ಟಿನಿಂದ ತೆಗೆದಿಟ್ಟ ಹುಳಿ ಮುದ್ದೆ. ದೋಸೆ ಹಿಟ್ಟಿನ ಪಾತ್ರೆಯ ತಳದಲ್ಲಿ ಸ್ವಲ್ಪ ಉಳಿಸಿ ಮರುದಿನದ್ದಕ್ಕೆ ಸೇರಿಸುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಗಂಟೆಗೆ ಕಲಸಿ ಏಳೂವರೆಗೆ ಉಬ್ಬಿದ್ದನ್ನು ತೋರಿಸುತ್ತೇನೆಂದರೆ ಡಿಸೆಂಬರಿನ ಮೈಸೂರು ಚಳಿಯಲ್ಲಿ ಆಗುವ ಮಾತಲ್ಲ. 500 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಹುಳಿ ಹಿಟ್ಟು, 320 ಮಿಲಿ ಲೀಟರ್ ನೀರಿನ ಲೆಕ್ಕದಲ್ಲಿ ಮೂರು ಪಾತ್ರೆ ಮಾಡಿ, ಒಂದನ್ನು ಬೆಳಿಗ್ಗೆ, ಒಂದನ್ನು ಮಧ್ಯಾಹ್ನ, ಒಂದನ್ನು ತರಗತಿಯಲ್ಲೇ ಕಲಸಿದರೆ ಮೂರೂ ಹಂತ ಒಟ್ಟಿಗೆ ಕಾಣುತ್ತವೆ.

ಆದರೆ ಪಾಠದ ಸಾರ ಉಬ್ಬುವುದರಲ್ಲಷ್ಟೇ ಇಲ್ಲ. ಸಾಮ್ಯದ ಮೂರು ಅಳತೆ ಹಿಟ್ಟು ಸುಮಾರು 40 ಲೀಟರ್. ಒಂದು ಮನೆಯ ಊಟಕ್ಕಲ್ಲ, ಊರೂಟಕ್ಕೆ ಆಗುವಷ್ಟು. ಯೆಹೂದ್ಯರ ಪಸ್ಕ ಹಬ್ಬದಲ್ಲಿ ಹುಳಿ ಹಿಟ್ಟನ್ನು ಮನೆಯಿಂದಲೇ ತೆಗೆಯಬೇಕು, ಮಾರ್ಕ 8:15ರಲ್ಲಿ ಅದು ಯೆಹೂದ್ಯರಲ್ಲಿ ಕಟ್ಟುನಿಟ್ಟಿನ ಪಂಗಡವಾದ ಫರಿಸಾಯರ ಕೆಟ್ಟತನದ ಗುರುತು. ಅಂಥ ಅನುಮಾನದ ವಸ್ತುವನ್ನು, ಒಬ್ಬ ಹೆಂಗಸು ಅಡಗಿಸಿಟ್ಟದ್ದನ್ನು, ದೇವರ ಆಳಿಕೆಗೆ ಹೋಲಿಸಿದ್ದು ಮೊದಲು ಕೇಳಿದವರಿಗೆ ಕಸಿವಿಸಿ ಆಗಿರಲೇಬೇಕು. ಬೋಧಕರು ಇದನ್ನು ಬಾಯಲ್ಲಿ ಹೇಳುತ್ತಾರೆ. ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಗೋಧಿ ಮತ್ತು ಹಣಜಿಯ ಪಾಠಕ್ಕೆ ಮಂಡ್ಯದ ರೈತರಿದ್ದರೆ ತರಗತಿಗೆ ಕಳೆ ಬರುತ್ತದೆ. ಸುಗ್ಗಿಯವರೆಗೆ ಎರಡೂ ಬೆಳೆಯಲಿ, ಕೀಳಬೇಡಿ ಎಂದು ಯಜಮಾನ ಆಳುಗಳಿಗೆ ಹೇಳುವ ಸಾಮ್ಯ ಇದು. ಹಣಜಿ ಎಂಬ ಕಳೆ ತೆನೆ ಬಿಡುವವರೆಗೂ ಗೋಧಿಯ ಹಾಗೇ ಕಾಣುತ್ತದೆ, ಅಷ್ಟು ಹೊತ್ತಿಗೆ ಬೇರುಗಳು ಹೆಣೆದುಕೊಂಡಿರುತ್ತವೆ. ಕೀಳಲು ಹೋದರೆ ಬೆಳೆಯೂ ಬರುತ್ತದೆ. ಭತ್ತದ ಗದ್ದೆಯಲ್ಲಿ ಪೈರಿನಂತೆಯೇ ನಿಂತು ಮೋಸ ಮಾಡುವ ಕಳೆ ಕಿತ್ತವರು ‘ಹಂಗೇ ಬುಡಿ ಅಂದವ್ನೆ ಸರಿ’ ಎನ್ನುತ್ತಾರೆ. ಇಲ್ಲಿ ಕೈಪಿಡಿ ಕೇಳುವ ಪ್ರಶ್ನೆ: ‘ನಮ್ಮ ಸಭೆಯಲ್ಲಿ ಹಣಜಿ ಯಾರು?’ ಈ ಪ್ರಶ್ನೆಯನ್ನು ಮುಂದಿನ ಮುದ್ರಣದಲ್ಲಿ ಕಿತ್ತು ಹಾಕಬೇಕು. ಮತ್ತಾಯ 13:38ರಂತೆ ಹೊಲ ಅಂದರೆ ಲೋಕ, ಸಭೆ ಎಂದಿಲ್ಲ. ಅದಿರಲಿ, ಬೇರ್ಪಡಿಸಬೇಡಿ ಎನ್ನುವ ಸಾಮ್ಯವನ್ನೇ ಬೇರ್ಪಡಿಸುವ ಪಟ್ಟಿ ಮಾಡಲು ಬಳಸುವುದೆಂದರೇನು?

ಐದನೇ ವಾರ ಕಪ್ಪು ಹಲಗೆಯ ಮೇಲೆ ಲೆಕ್ಕ. ಮತ್ತಾಯ 18ರ ಆಳಿಗೆ ಅರಸ ಮನ್ನಾ ಮಾಡಿದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಒಬ್ಬನ ದಿನಗೂಲಿ. ಒಟ್ಟು 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ. ಅದೇ ಆಳು ಹೊರಗೆ ಬಂದು ಜೊತೆಗಾರನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ, ಅಂದರೆ ಆರು ಲಕ್ಷದಲ್ಲಿ ಒಂದು ಪಾಲಿಗೆ. ಸೊನ್ನೆಗಳನ್ನು ಒಂದೊಂದೇ ಬರೆಯುತ್ತ ಹೋದಾಗ ಹಾಲ್ ತಾನಾಗಿ ಸುಮ್ಮನಾಗುತ್ತದೆ.

ನಂತರ ಮತ್ತಾಯ 20ರ ದ್ರಾಕ್ಷಿ ತೋಟ. ಬೆಳಗಿನ ಜಾವ, ಒಂಬತ್ತು, ಹನ್ನೆರಡು, ಮೂರು, ಐದು ಗಂಟೆ ಹೀಗೆ ಐದು ಸಲ ಆಳು ಹಿಡಿದು, ಎಲ್ಲರಿಗೂ ಒಂದೇ ದಿನಾರಿ. ಕೊನೆಗೆ ಬಂದವರಿಗೆ ಮೊದಲು ಕೊಟ್ಟದ್ದು ಯಾಕೆ ಎಂದು ಬೋಧಕರು ಕೇಳುತ್ತಾರೆ. ಮೊದಲು ಬಂದವರಿಗೆ ಮೊದಲೇ ಕೊಟ್ಟು ಕಳಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಅವರು ನೋಡಲಿ ಎಂದೇ ಹಾಗೆ ಮಾಡಿದ್ದು. ಕಬ್ಬು ಕಡಿಯುವ ಗುಂಪುಗಳನ್ನು ಬಲ್ಲವರು ಇಲ್ಲಿ ಬಿಸಿ ಏರುತ್ತಾರೆ, ‘ಇದು ನ್ಯಾಯವಾ?’ ಎನ್ನುತ್ತಾರೆ. ಐದು ಗಂಟೆಗೆ ಕೂಲಿ ಸಿಕ್ಕವನ ಮನೆಯಲ್ಲೂ ಒಲೆ ಪೂರ್ತಿಯೇ ಉರಿಯಬೇಕಲ್ಲ ಎಂಬ ಉತ್ತರ ಯಾರಾದರೂ ಹೆಂಗಸರಿಂದಲೇ ಬರುತ್ತದೆ.

ವಾರದ ಕೊನೆಗೆ ಒಂದು ಚೀಟಿ: ನಿಮಗೆ ಯಾರು ಎಷ್ಟು ಕೊಡಬೇಕು, ನೀವು ಯಾರಿಗೆ ಕೊಡಬೇಕು ಎಂದು ಬರೆದು ನಿಮ್ಮಲ್ಲೇ ಇಟ್ಟುಕೊಳ್ಳಿ. ಓದಿಸುವುದಿಲ್ಲ, ಅದು ಒಳ್ಳೆಯದು. ಎಡವಟ್ಟಾಗುವುದು ಸ್ವಸಹಾಯ ಸಂಘದ ಸಾಲಕ್ಕೆ ಬಂದಾಗ. ಸ್ವಂತ ದುಡ್ಡನ್ನು ಬಿಟ್ಟುಕೊಡುವುದು ಬೇರೆ, ಹತ್ತು ಹೆಂಗಸರು ಕೂಡಿಟ್ಟದ್ದನ್ನು ಒಬ್ಬರು ‘ಕ್ಷಮಿಸುವುದು’ ಬೇರೆ. ಬೋಧಕರು ಈ ವ್ಯತ್ಯಾಸವನ್ನು ಖಡಾಖಂಡಿತ ಹೇಳುತ್ತಾರೆ. ಐವತ್ತು ವರ್ಷಕ್ಕೊಮ್ಮೆ ಮಾರಿದ ಭೂಮಿ ಹಿಂದಿರುಗುವ, ಆಳಾದವರು ಬಿಡುಗಡೆಯಾಗುವ ಯಾಜಕಕಾಂಡ 25ರ ಜೂಬಿಲಿ ವರ್ಷ ಮತ್ತು ಯೇಸು ಬಿಡುಗಡೆ ಸಾರುವ ಲೂಕ 4:18-19 ಎರಡನ್ನೂ ಇಲ್ಲೇ ಜೋಡಿಸಿರುವುದರಿಂದ ‘ಕ್ಷಮೆ’ ಬರೀ ಮನಸ್ಸಿನ ಮಾತಾಗಿ ಉಳಿಯುವುದಿಲ್ಲ.

ಆರನೇ ವಾರ ಎರಡು ಗಂಟೆಯಲ್ಲಿ ಹದಿನಾರು ಶತಮಾನ. 413ರಿಂದ 426ರವರೆಗೆ ಅಗಸ್ಟೀನ ಬರೆದ ಎರಡು ನಗರಗಳ ವಿಚಾರ, 1523ರಲ್ಲಿ ಲೌಕಿಕ ಅಧಿಕಾರದ ಮಿತಿಯ ಬಗ್ಗೆ ಬರೆದ ಲೂಥರ್, 1892ರಲ್ಲಿ ಯೇಸುವಿನ ರಾಜ್ಯ ಬರಲಿರುವ ಅಂತ್ಯದ ಮಾತೇ ಹೊರತು ನೈತಿಕ ಪ್ರಗತಿಯಲ್ಲ ಎಂದ ಯೊಹಾನೆಸ್ ವೈಸ್, 1935ರಲ್ಲಿ ಅದು ಆಗಲೇ ಬಂದಾಯಿತು ಎಂದ ಸಿ.ಎಚ್. ಡಾಡ್, ಮಧ್ಯದಲ್ಲಿ ವೈಸ್ ದಾರಿಯಲ್ಲೇ ನಡೆದ ಶ್ವೈಟ್ಸರ್, ಕೊನೆಗೆ ಬಂದಿದೆ, ಇನ್ನೂ ಪೂರ್ತಿಯಾಗಿಲ್ಲ ಎಂದ ಕುಲ್ಮನ್. ಹೆಸರುಗಳ ಮೆರವಣಿಗೆ ಹೋಗುತ್ತದೆ, ರಾಜ್ಯ ಬಂದಾಯಿತೋ ಬರಲಿದೆಯೋ ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ಕಾಲಕ್ರಮದಲ್ಲಿ ಹೇಳಲೇಬಾರದು. ಲೂಕ 11:20ರಲ್ಲಿ ರಾಜ್ಯ ನಿಮ್ಮ ಬಳಿಗೆ ಬಂದಿದೆ. ಮಾರ್ಕ 14:25ರಲ್ಲಿ ದ್ರಾಕ್ಷಾರಸವನ್ನು ಹೊಸದಾಗಿ ಕುಡಿಯುವ ದಿನ ಇನ್ನೂ ಮುಂದಿದೆ. ಎರಡೂ ವಚನವನ್ನು ಹಲಗೆಯ ಎರಡು ತುದಿಯಲ್ಲಿ ಬರೆದು, ಯಾರು ಯಾವ ತುದಿಯನ್ನು ಹಿಡಿದರು ಎಂದು ಕೇಳಿದರೆ ಅರ್ಧ ಗಂಟೆಯ ಕೆಲಸ. ಲೂಕ 17:21ನ್ನು ‘ರಾಜ್ಯ ನಿಮ್ಮ ಹೃದಯದೊಳಗಿದೆ’ ಎಂದು ಎತ್ತುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಆ ಮಾತು ಹೇಳಿದ್ದು ಯೇಸುವನ್ನು ವಿರೋಧಿಸುತ್ತಿದ್ದ ಫರಿಸಾಯರಿಗೆ ಎಂದು ಹಿಂದಿನ ವಚನ ಓದಿಸಿದರೆ ಸಾಕು.

ಗೋಜಲಿಗೆ ಇನ್ನೊಂದು ಕಾರಣ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ. ಸಾವಿರ ವರ್ಷದ ಆಳಿಕೆ ಎಂದಾಕ್ಷಣ ಯಾರೋ ಚಾರ್ಟ್ ತೆಗೆಯುತ್ತಾರೆ, ಎತ್ತಲ್ಪಡುವಿಕೆ (ವಿಶ್ವಾಸಿಗಳನ್ನು ಕ್ರಿಸ್ತನ ಬಳಿಗೆ ಮೇಲಕ್ಕೆ ಎತ್ತಿಕೊಳ್ಳುವುದು) ಮೊದಲೋ ಸಂಕಟಕಾಲ ಮೊದಲೋ ಎಂದು ಎಂಟು ಗಂಟೆ ಆಗುತ್ತದೆ, ಮಂಡ್ಯದವರು ರೈಲಿಗೆ ಎದ್ದು ಹೋಗುತ್ತಾರೆ. ಪ್ರಶ್ನೆಗಳನ್ನು ಹಿಂದಿನ ವಾರವೇ ಚೀಟಿಯಲ್ಲಿ ಪಡೆಯುವುದು ಸುಲಭದ ದಾರಿ.

ನಮ್ಮ ದೇಶದ ಚರ್ಚೆಗೆ ಸಿಕ್ಕಿರುವುದು ಅರ್ಧ ಪುಟ. 1938ರಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಲೋಕದ ಮಿಷನರಿ ಸಮ್ಮೇಳನ ನಡೆದಾಗ ಭಾರತೀಯ ಕ್ರೈಸ್ತ ಚಿಂತಕ ಪಿ. ಚೆಂಚಯ್ಯ ಮತ್ತು ಅವರ ಗೆಳೆಯರು ಯೇಸುವಿನ ಕೇಂದ್ರ ದೇವರ ರಾಜ್ಯ, ಸಂಸ್ಥೆಯಾದ ಚರ್ಚಲ್ಲ ಎಂದು ವಾದಿಸಿದರು. ಮೈಸೂರಿನ ತರಗತಿಗೆ ಇದು ವೈಸ್‌ಗಿಂತ ಹತ್ತಿರದ ವಿಷಯ.

ಏಳನೇ ವಾರಕ್ಕೂ ಅದೇ ಬೇಕಿತ್ತು. ಕೈಪಿಡಿ ಇಲ್ಲಿ ಸಭೆಯನ್ನೂ ರಾಜ್ಯವನ್ನೂ ಒಂದೇ ಮಾಡಿ, ಹೊಸ ಕಟ್ಟಡ, ದೀಕ್ಷಾಸ್ನಾನದ ಸಂಖ್ಯೆ, ಸದಸ್ಯತ್ವದ ಏರಿಕೆಯನ್ನು ‘ರಾಜ್ಯದ ವಿಸ್ತರಣೆ’ ಎನ್ನುತ್ತದೆ. ಕ್ಯಾಥೋಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಮ್ಮೇಳನ 1964ರಲ್ಲಿ ಧರ್ಮಸಭೆಯನ್ನು (ಚರ್ಚನ್ನು) ಭೂಮಿಯ ಮೇಲೆ ಆ ರಾಜ್ಯದ ಬೀಜ ಮತ್ತು ಆರಂಭ ಎಂದಿತು. ಬೀಜ ಎಂದರೆ ಫಸಲಲ್ಲ. ತರಗತಿಯಲ್ಲಿದ್ದ ಕ್ಯಾಥೋಲಿಕರೇ ಇದನ್ನು ಎತ್ತಿ ತೋರಿಸಬೇಕಾಗುತ್ತದೆ. ಅರಸತನದ ಭಾಗ ಮಾತ್ರ ಗಟ್ಟಿಯಾಗಿದೆ. ಅಂಬಾರಿ ಮೆರವಣಿಗೆ ನೋಡಿ ಬೆಳೆದ ಊರಿನಲ್ಲಿ ಕತ್ತೆಯ ಮೇಲೆ ಬಂದ ಅರಸನನ್ನು, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎನ್ನುವ ಮಾರ್ಕ 10:42-45ನ್ನು ಓದಿಸುವುದು ಸುಲಭವಲ್ಲ. ಮುಸೊಲಿನಿಯ ಕಾಲದ ಇಟಲಿಯಿಂದಲೇ ಪೋಪ್ ಹನ್ನೊಂದನೇ ಪಿಯುಸ್ 1925ರಲ್ಲಿ ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದರು ಎಂಬ ಹಿನ್ನೆಲೆ ಕೊಡುವುದು ಉಪಯುಕ್ತ. ಅಲ್ಲಿಂದ ಬೋಧಕರು ದಸರೆಯನ್ನು ಹಂಗಿಸಲು ಹೊರಡುವುದು ಬೇಕಿರಲಿಲ್ಲ.

ಕೊನೆಯ ವಾರ ಕರ್ತನ ಪ್ರಾರ್ಥನೆ. ‘ನಿನ್ನ ರಾಜ್ಯವು ಬರಲಿ’ ಎಂಬುದರ ಬೆನ್ನಿಗೇ ಚಿತ್ತ, ಭೂಮಿ, ಅನುದಿನದ ಆಹಾರ, ಸಾಲ ಬರುತ್ತವೆ ಎಂದು ಸಾಲುಸಾಲಾಗಿ ಬಿಡಿಸಿ, ನಾಲ್ಕು ಕಾಲಮ್ಮಿನ ಹಾಳೆ ತುಂಬಿಸುತ್ತಾರೆ: ಏನು ಮಾಡುತ್ತೇನೆ, ಯಾರಿಗೆ, ಯಾವ ತಾರೀಖಿನೊಳಗೆ, ನನಗೆ ಎಷ್ಟು ಖರ್ಚು. ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಬರೆದವರ ಹಾಳೆ ವಾಪಸ್ ಬರುತ್ತದೆ. ಮನೆಕೆಲಸದವರಿಗೆ ಸಂಬಳ ಕಡಿಯದೆ ವಾರಕ್ಕೊಂದು ರಜೆ ಎಂದು ಬರೆದದ್ದು ಪಾಸು. ಆದರೆ ಲೂಕ 14:12-14 ಓದಿಯೂ, ತಿರುಗಿ ಕರೆಯಲಾರದವರನ್ನು ಊಟಕ್ಕೆ ಕರೆ ಎಂಬ ಮಾತಿನ ಎದುರು ಕೂತೂ, ಜಾತಿಯ ಹೆಸರು ಯಾರೂ ಎತ್ತುವುದಿಲ್ಲ. ಕ್ರಿಸ್ಮಸ್ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು, ಮಕ್ಕಳ ಮದುವೆಗೆ ಎಂಥ ಮನೆ ಹುಡುಕುತ್ತೀರಿ ಎಂಬ ಎರಡು ಪ್ರಶ್ನೆ ಹಾಳೆಗೆ ಸೇರದೆ ಈ ವಾರ ಪೂರ್ತಿಯಾಗುವುದಿಲ್ಲ. ಇದು ಇಡೀ ತರಗತಿಯ ದೊಡ್ಡ ಕೊರತೆ.

ಸೇರುವವರಿಗೆ ಒಂದಿಷ್ಟು. ಮೊದಲ ವಾರ ತಪ್ಪಿಸಿದರೆ ಉಳಿದದ್ದು ಹತ್ತುವುದಿಲ್ಲ. ಆರನೆಯದನ್ನು ಬಿಟ್ಟರೆ ನಷ್ಟವಿಲ್ಲ. ಮಾರ್ಕನ ಸುವಾರ್ತೆಯನ್ನು ಒಂದೇ ಸಲ ಕೂತು ಓದಿ ಬನ್ನಿ, ಒಂದೂವರೆ ಗಂಟೆ ಸಾಕು. ಕೈಪಿಡಿಯ ಅಕ್ಷರ ಸಣ್ಣ, ಹಾಲ್‌ನ ಹಿಂದಿನ ಟ್ಯೂಬ್‌ಲೈಟ್ ಮಂಕು, ವಯಸ್ಸಾದವರು ಮುಂದಿನ ಎರಡು ಬೆಂಚು ಹಿಡಿಯುವುದು ವಾಸಿ. ಹೆಸರು ಬರೆಸಲು ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಆಫೀಸಿಗೆ ಹೋಗಬೇಕು, ಫೋನಿನಲ್ಲಿ ತೆಗೆದುಕೊಳ್ಳುವುದಿಲ್ಲ. 400 ರೂಪಾಯಿ ಕಷ್ಟವಾದವರು ಅಲ್ಲೇ ಹೇಳಿದರೆ ಶುಲ್ಕ ಬಿಡುತ್ತಾರೆ, ಕಾರಣ ಕೇಳುವುದಿಲ್ಲ.