ಮಳೆಗಾಲದಲ್ಲಿ ಇನ್‌ಕ್ಯುಬೇಟರಿಗೆ ನೀರು ಹಾಕುವ ಮೊದಲು ಇದನ್ನು ಓದಿ

ಹೋದ ಜುಲೈಯಲ್ಲಿ ನಮ್ಮ ಮನೆಯಲ್ಲಿ 33 ನಾಟಿ ಕೋಳಿ ಮರಿಗಳು ಮೊಟ್ಟೆಯೊಳಗೇ ಸತ್ತವು. ಕಾವು ಕಡಿಮೆಯಾಗಿ ಅಲ್ಲ, ಕರೆಂಟ್ ಹೋಗಿಯೂ ಅಲ್ಲ. ನಾನು ಹಾಕಿದ ನೀರಿನಿಂದ. ಈಗ ಮತ್ತೆ ಮಳೆ ಹಿಡಿದಿದೆ. ಮಲೆನಾಡು, ಕರಾವಳಿ ಕಡೆ ಹೊಸದಾಗಿ ಮೊಟ್ಟೆಗೆ ಕಾವು ಕೊಡುವ ಈ ಮಷಿನ್ ತಂದು ಮೊಟ್ಟೆ ಇಡುವವರು ದಯವಿಟ್ಟು ಓದಿ.

ನಮ್ಮದು ತೀರ್ಥಹಳ್ಳಿ ಕಡೆ. 48 ಮೊಟ್ಟೆ ಹಿಡಿಯುವ, ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರ್ ತರಿಸಿದ್ದೆವು. ಜೊತೆಗೆ ಬಂದ ಚೀಟಿಯಲ್ಲಿ ಮೊದಲ ದಿನದಿಂದಲೇ ನೀರು ಹಾಕಿ ಅಂತ ಇತ್ತು. ಕಾವು 37.5 ಡಿಗ್ರಿಗೆ ಸರಿಯಾಗಿ ನಿಂತಿತ್ತು. ಒಳಗಿನ ಗಾಳಿಯ ತೇವಾಂಶ ನೂರಕ್ಕೆ 52 ಅಂತ ಮಷಿನ್ ತೋರಿಸುತ್ತಿತ್ತು. ಮೊದಲ 18 ದಿನ ಅದು 45ರಿಂದ 55ರೊಳಗೆ ಇರಬೇಕು ಅಂತ ಗೊತ್ತಿತ್ತು, ಹಾಗಾಗಿ ನೆಮ್ಮದಿಯಾಗಿದ್ದೆ. ತಳದ ಎರಡೂ ಕಾಲುವೆಯಲ್ಲಿ ನೀರು ಬತ್ತದಂತೆ ನೋಡಿಕೊಂಡೆ. ಹೊರಗೆ ಹಗಲೂ ರಾತ್ರಿ ಮಳೆ. ಥಂಡಿ ಒಳಗೆ ಹೋಗಬಾರದು ಅಂತ ಮೇಲಿನ ಗಾಳಿ ತೂತನ್ನೂ ಮುಚ್ಚಿಬಿಟ್ಟೆ. ಅದು ಎರಡನೇ ತಪ್ಪು.

7ನೇ ದಿನ ಟಾರ್ಚ್ ಹಿಡಿದು ನೋಡಿ, ಮರಿ ಕಟ್ಟದ 6 ಮೊಟ್ಟೆ ತೆಗೆದೆ. ಉಳಿದ 42ರಲ್ಲೂ ಕೆಂಪು ನರ ಚೆನ್ನಾಗಿ ಹರಡಿತ್ತು. 21ನೇ ದಿನ ಬೆಳಿಗ್ಗೆ ಚಿಂವ್ ಚಿಂವ್ ಕೇಳಿತು. ಮಗಳು ಸ್ಕೂಲಿಗೆ ಹೋಗಲ್ಲ ಅಂತ ಮಷಿನ್ ಮುಂದೆಯೇ ಕೂತಳು. ಸಂಜೆಯೊಳಗೆ 9 ಮರಿ ಬಂದವು. ಆಮೇಲೆ ಸದ್ದೇ ಇಲ್ಲ. 23ನೇ ದಿನದವರೆಗೂ ಕಾದೆ. ಬಂದ ಒಂಬತ್ತರಲ್ಲೂ ಎರಡು, ಹೊಕ್ಕುಳು ಮುಚ್ಚದೆ ಸತ್ತುಹೋದವು.

ಉಳಿದದ್ದನ್ನು ಹಿತ್ತಲಿಗೆ ಒಯ್ದು ಒಂದೊಂದೇ ಒಡೆದೆ. ಪೂರ್ತಿ ಬೆಳೆದ ಮರಿಗಳು. ಪುಕ್ಕ, ಉಗುರು, ಚಿಪ್ಪು ಒಡೆಯಲು ಕೊಕ್ಕಿನ ತುದಿಯಲ್ಲಿರುವ ಬಿಳಿ ಮೊನೆ, ಎಲ್ಲ ಬಂದಿತ್ತು. ಆದರೆ ಮೈ ಊದಿಕೊಂಡು ಚಿಪ್ಪಿನ ತುಂಬ ಒತ್ತಿಕೊಂಡಿತ್ತು. ಕುತ್ತಿಗೆ ಬಾತಿತ್ತು. ಒಡೆದ ಕೂಡಲೇ ಅಂಟು ಅಂಟಾದ ನೀರು ಬೆರಳ ಸಂದಿಯಲ್ಲಿ ಇಳಿಯಿತು. ಅತ್ತೆ ಒಂದು ಚಿಪ್ಪು ಎತ್ತಿ, ದಪ್ಪ ತುದಿ ತೋರಿಸಿ, "ಇಲ್ಲಿ ಗಾಳಿಗೆ ಜಾಗವೇ ಆಗಿಲ್ಲ ನೋಡೇ. ಉಸಿರು ತಗೊಳ್ಳೋಕೆ ಬಂದ ಮರಿ ನೀರಲ್ಲಿ ಮುಳುಗಿದೆ" ಅಂದರು. ಅದೇ ತಿಂಗಳು ಅವರ ಹೇಂಟೆ ಕೊಟ್ಟಿಗೆಯ ಬುಟ್ಟಿಯಲ್ಲಿ ಕಾವಿಗೆ ಕೂತು, 13 ಮೊಟ್ಟೆಯಲ್ಲಿ 11 ಮರಿ ಮಾಡಿತ್ತು.

ಅತ್ತೆ ಹೇಳಿದ್ದೇ ಸರಿ. ಮೊಟ್ಟೆ ಚಿಪ್ಪಿನ ಸಣ್ಣ ಸಣ್ಣ ರಂಧ್ರದಿಂದ ದಿನವೂ ಸ್ವಲ್ಪ ನೀರು ಆರಿ ಹೋಗಬೇಕು. 18 ದಿನಕ್ಕೆ ತೂಕದಲ್ಲಿ ನೂರಕ್ಕೆ 12ರಷ್ಟು ಇಳಿಯಬೇಕು. ಹಾಗೆ ಖಾಲಿಯಾದ ಜಾಗದಲ್ಲೇ ದಪ್ಪ ತುದಿಯ ಗಾಳಿ ಚೀಲ ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಅಲ್ಲಿಗೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಸುತ್ತಲಿನ ಗಾಳಿಯೇ ಒದ್ದೆಯಾಗಿದ್ದರೆ ನೀರು ಆರುವುದಾದರೂ ಹೇಗೆ?

ಹಾಗಾದರೆ 52 ಅಂತ ತೋರಿಸಿದ್ದು? ಸುಳ್ಳು. ಆಮೇಲೆ ತೇವಾಂಶ ಅಳೆಯುವ ಬೇರೆ ಒಂದು ಸಣ್ಣ ಮೀಟರ್ ತಂದು ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟೇ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿಟ್ಟು ಭದ್ರವಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ಹೆಚ್ಚುಕಡಿಮೆ ಇದೆಯೋ ಅಷ್ಟು ಆ ಮೀಟರಿನ ತಪ್ಪು. ಹೀಗೆ ನೋಡಿದ ಮೀಟರನ್ನು ಮಷಿನ್ ಒಳಗಿಟ್ಟರೆ, ಮಷಿನ್ 52 ಅಂದಾಗ ನಿಜವಾಗಿ 66 ಇತ್ತು!

ನಮ್ಮ ಮಳೆಗಾಲದ ಲೆಕ್ಕ ಹೀಗಿದೆ. ಹೊರಗೆ 25 ಡಿಗ್ರಿ, ತೇವಾಂಶ 90 ಇದ್ದಾಗ, ಅದೇ ಗಾಳಿ ಒಳಗೆ ಹೋಗಿ 37.5ಕ್ಕೆ ಬಿಸಿಯಾದರೆ ತೇವಾಂಶ ತಾನಾಗಿಯೇ 45ರ ಹತ್ತಿರ ಬರುತ್ತದೆ. ಅಂದರೆ ಮೊದಲ 18 ದಿನಕ್ಕೆ ಒಂದು ಹನಿ ನೀರೂ ಬೇಡ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನವರಿಗೆ ಇದು ತಿರುಗುಮುರುಗು. ಅಲ್ಲಿ ನೀರಿಲ್ಲದಿದ್ದರೆ ಒಳಪೊರೆ ಒಣಗಿ ಕಾಗದದ ಹಾಗೆ ಮರಿಗೆ ಅಂಟಿಕೊಳ್ಳುತ್ತದೆ. ಚೀಟಿ ಬರೆದವರಿಗೆ ನಿಮ್ಮ ಊರು ಯಾವುದು ಅಂತ ಗೊತ್ತಿರಲ್ಲ ಅಲ್ವಾ?

ಆಗಸ್ಟಿನಲ್ಲಿ ಮತ್ತೆ 48 ಇಟ್ಟೆ. ನೀರು ಹಾಕಲಿಲ್ಲ, ಗಾಳಿ ತೂತು ತೆಗೆದಿಟ್ಟೆ. ಹತ್ತು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಒಟ್ಟು 520 ಗ್ರಾಂ. 7ನೇ ದಿನಕ್ಕೆ 24 ಗ್ರಾಂ, 18ನೇ ದಿನಕ್ಕೆ 61 ಗ್ರಾಂ ಇಳಿದಿತ್ತು. ಮೀಟರಿಗಿಂತ ನನಗೆ ಈ ತಕ್ಕಡಿ ಮೇಲೆಯೇ ಜಾಸ್ತಿ ನಂಬಿಕೆ. ಇಳಿದದ್ದು ಕಡಿಮೆಯಾದರೆ ತೇವ ಹೆಚ್ಚಾಗಿದೆ, ಜಾಸ್ತಿ ಇಳಿದರೆ ಸ್ವಲ್ಪ ನೀರು ಬೇಕು. ಆ ಸಲ ಮರಿ ಕಟ್ಟಿದ 41ರಲ್ಲಿ 34 ಬಂದವು.

18ನೇ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ, ನೀರು ಹಾಕಿ 65ರಿಂದ 70ಕ್ಕೆ ಏರಿಸಲೇಬೇಕು. ಆಳ ಮುಖ್ಯವಲ್ಲ, ನೀರಿನ ಮೈ ಅಗಲವಿರಬೇಕು. ಸಣ್ಣ ಲೋಟದ ಬದಲು ಅಗಲ ತಟ್ಟೆ ಇಡಿ, ಇಲ್ಲವೇ ಒದ್ದೆ ಸ್ಪಂಜ್. ಆಮೇಲೆ ಮುಚ್ಚಳ ತೆಗೆಯಬೇಡಿ. ಒಂದು ಮರಿ ಬಂತು ಅಂತ ಸುಮ್ನೆ ತೆಗೆದರೂ ಒಳಗಿನ ತೇವ ಹಾರಿಹೋಗಿ, ಇನ್ನೂ ಚಿಪ್ಪು ಕೊರೆಯುತ್ತಿರುವ ಮರಿಯ ಪೊರೆ ಬಿಗಿದುಕೊಳ್ಳುತ್ತದೆ. ಹಸಿವಾಗುತ್ತೆ ಅಂತ ಹೆದರಬೇಡಿ. ಮರಿ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಹೊರಗೆ ಬಂದಿರುತ್ತದೆ, ಒಂದು ದಿನ ಪೂರ್ತಿ ಕಾಳು ನೀರು ಇಲ್ಲದೆ ಇರುತ್ತದೆ. ಪುಕ್ಕ ಒಣಗಿ ಉಬ್ಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆದು ಬಲ್ಬಿನ ಕೆಳಗೆ ಬಿಡಿ.