ಡಾಲ್ಟನ್ ಹೈವೇಯಲ್ಲಿ ಟೆಂಟ್ ಎಲ್ಲಿ ಹಾಕೋಣ?

ಅಲಾಸ್ಕಾದ ಈ ರಸ್ತೆಯಲ್ಲಿ ಆರ್ಕ್ಟಿಕ್ ವೃತ್ತ ದಾಟಿದ ಮೇಲೆ ಎರಡು ಕ್ಯಾಂಪ್ ಜಾಗಗಳಿವೆ. ಮ್ಯಾರಿಯನ್ ಕ್ರೀಕ್, ರಸ್ತೆಯ ದಕ್ಷಿಣ ತುದಿಯಿಂದ ಎಣಿಸಿದರೆ, 180ನೇ ಮೈಲಿಯಲ್ಲಿದೆ. ಸುತ್ತ ಸ್ಪ್ರೂಸ್ ಮರಗಳು. ಕೋಲ್ಡ್‌ಫುಟ್ ಎಂಬ ಪುಟ್ಟ ಊರಿನ ಪೆಟ್ರೋಲ್, ಬಿಸಿ ಊಟ 5 ಮೈಲಿ ಹಿಂದೆ. ಬಾಡಿಗೆ ಕೊಡಬೇಕು, ಅಷ್ಟೇ.

ಗಾಲ್ಬ್ರೇತ್ ಲೇಕ್ 275ನೇ ಮೈಲಿ ಹತ್ತಿರ, ಅಟಿಗನ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿದ ಮೇಲೆ. ನಿಜವಾದ ಟಂಡ್ರಾ ಅಂದ್ರೆ ಇದು. ಒಂದು ಮರವೂ ಇಲ್ಲ. ಕರಡಿಗೆ ಎಟುಕದಂತೆ ಊಟದ ಚೀಲ ನೇತುಹಾಕಲು ಕೊಂಬೆಯೇ ಸಿಗುವುದಿಲ್ಲ. ಕರಡಿ ತೆರೆಯಲಾಗದ ಡಬ್ಬಿ ಒಯ್ಯಲೇಬೇಕು. ತೊರೆ ನೀರನ್ನು ಕುದಿಸಿ ಕುಡಿಯಬೇಕು. ಜುಲೈನಲ್ಲಿ ಗಾಳಿ ನಿಂತರೆ ಸೊಳ್ಳೆ ಕಾಟ, ಬೀಸಿದರೆ ಟೆಂಟ್ ಹಿಡಿದು ಕೂರುವ ಕೆಲಸ! ಆದರೂ ನನ್ನ ಓಟು ಇದಕ್ಕೇ. ರಾತ್ರಿಯಿಡೀ ಬೆಳಕು, ಎದುರಿಗೆ ಬ್ರೂಕ್ಸ್ ಬೆಟ್ಟಸಾಲು, ಇನ್ನೇನು ಬೇಕು?

ಚಿಕ್ಕ ಮಕ್ಕಳಿದ್ದರೆ ಅಥವಾ ಸ್ಪೇರ್ ಟೈರ್ ಒಂದೇ ಇದ್ದರೆ ಮಾತ್ರ ಮ್ಯಾರಿಯನ್ ಕ್ರೀಕ್‌ನಲ್ಲೇ ಉಳಿಯಿರಿ.